ಲಿನಕ್ಸ್‌ಗೆ ಹೊಂದುವ ಪೋರ್ಟಬಲ್ ಮ್ಯೂಸಿಕ್ ಪ್ಲೇಯರ್

ಲಿನಕ್ಸ್ ಮೊದಲಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳುಳ್ಳ ಗಣಕಯಂತ್ರಕ್ಕೆ ಜೋಡಿಸಿ, ತಯಾರಕರ ತಂತ್ರಾಂಶದ ನೆರವಿಲ್ಲದೆಯೇ ಹಾಡುಗಳನ್ನು ತುಂಬಿಕೊಳ್ಳಬಹುದಾದ ಜೇಬುಗಾತ್ರದ ಸಾಧನವನ್ನು ಲಿನಕ್ಸ್‌ಗೆ ಹೊಂದುವ ಮ್ಯೂಸಿಕ್ ಪ್ಲೇಯರ್ ಎನ್ನಬಹುದು. ಇಂತಹ ಸಾಧನಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ವಿಂಡೋಸ್ ಮತ್ತು ಮ್ಯಾಕ್‌ಗಳ ಹೆಸರಷ್ಟೇ ಇರುತ್ತದೆ. ಆ ಕಾರಣಕ್ಕೆ ಅವು ಲಿನಕ್ಸ್‌ನಲ್ಲಿ ನಡೆಯುವುದಿಲ್ಲವೆಂದು ತಿಳಿಯಬೇಕಾಗಿಲ್ಲ. ಸಾಧನವು ಗಣಕಕ್ಕೆ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ.

ಗಣಕದೊಡನೆ ಸಂಪರ್ಕ

ಯುಎಸ್‌ಬಿ ಮಾಸ್ ಸ್ಟೋರೇಜ್ ವಿಧಾನವನ್ನು ಅನುಸರಿಸುವ ಪ್ಲೇಯರ್ ಗಣಕಕ್ಕೆ ಪೆನ್ ಡ್ರೈವ್‌ನಂತೆಯೇ ಕಾಣುತ್ತದೆ. ಕಡತಗಳನ್ನು ನಕಲಿಸಿದರೆ ಕೆಲಸ ಮುಗಿಯಿತು. ಇದಕ್ಕೆ ಬೇಕಾದ ಚಾಲಕವು ಲಿನಕ್ಸ್ ಕರ್ನಲ್‌ನಲ್ಲಿಯೇ ಇದೆ. ಆಯ್ಕೆಯಿದ್ದಲ್ಲಿ ಈ ವಿಧಾನವೇ ಮೇಲು.

ಎಂಟಿಪಿ ಎಂಬುದು ಮೈಕ್ರೋಸಾಫ್ಟ್ ರೂಪಿಸಿದ ವಿಧಾನ. 2008ರಲ್ಲಿ ಯುಎಸ್‌ಬಿ ಮಾನಕಗಳಲ್ಲಿ ಸೇರಿತು. ಇದರಲ್ಲಿ ಕಡತಗಳ ನಿರ್ವಹಣೆ ಸಾಧನದ ಕೈಯಲ್ಲಿಯೇ ಉಳಿಯುತ್ತದೆ. ಗಣಕವು ಕೇಳಿ ಪಡೆಯಬೇಕು, ಕೇಳಿ ಕೊಡಬೇಕು. ಲಿನಕ್ಸ್‌ನಲ್ಲಿ ಲಿಬ್‌ಎಂಟಿಪಿ ಎಂಬ ಮುಕ್ತ ತಂತ್ರಾಂಶವು ಈ ಕಾರ್ಯವನ್ನು ನಡೆಸಿಕೊಡುತ್ತದೆಯಾದರೂ, ಎಲ್ಲ ಸಾಧನಗಳೊಡನೆ ಅದು ಒಂದೇ ಸಮನಾಗಿ ಹೊಂದಿಕೊಳ್ಳುವುದಿಲ್ಲ. ಸ್ಯಾನ್‌ಡಿಸ್ಕ್ ಕಂಪನಿಯ ಸಾನ್ಸಾ ಕ್ಲಿಪ್‌ನಂತಹ ಕೆಲವು ಪ್ಲೇಯರ್‌ಗಳಲ್ಲಿ ಎರಡೂ ವಿಧಾನಗಳಿದ್ದು, ಸೆಟ್ಟಿಂಗ್ಸ್‌ನಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಪ್ಲೇಯರ್ ಕಾಣುತ್ತಿಲ್ಲವೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಆಪಲ್ ಕಂಪನಿಯ ಐಪಾಡ್‌ನ ಮಾತೇ ಬೇರೆ. ಅದು ಡಿಸ್ಕ್‌ನಂತೆ ಕಂಡರೂ, ಹಾಡುಗಳ ವಿವರ ಅದರದೇ ದತ್ತಸಂಚಯದಲ್ಲಿ ದಾಖಲಾಗದಿದ್ದರೆ ನಕಲಿಸಿದ ಕಡತವನ್ನು ನುಡಿಸುವುದಿಲ್ಲ. ಲಿಬ್‌ಜಿಪಾಡ್ ಎಂಬ ತಂತ್ರಾಂಶ ಈ ದಾಖಲೆಯನ್ನು ಬರೆಯಬಲ್ಲದು. ರಿದಮ್‌ಬಾಕ್ಸ್ ಅದನ್ನೇ ಬಳಸುತ್ತದೆ. 2007ರ ಮಾದರಿಗಳಲ್ಲಿ ಆಪಲ್ ಆ ದತ್ತಸಂಚಯಕ್ಕೆ ಪರಿಶೀಲನಾ ಸಂಕೇತವೊಂದನ್ನು ಸೇರಿಸಿದಾಗ ಅನ್ಯ ತಂತ್ರಾಂಶಗಳೆಲ್ಲ ಹೊರಗುಳಿದವು. ಮುಕ್ತ ತಂತ್ರಾಂಶದವರು ಸ್ವಲ್ಪ ಕಾಲದಲ್ಲಿಯೇ ಅದರ ಲೆಕ್ಕವನ್ನು ಬಿಡಿಸಿದರು. ಹಣ ತೆತ್ತು ಕೊಂಡ ವಸ್ತುವಿನೊಳಗೆ ತನ್ನದೇ ಹಾಡನ್ನಿಡಲು ಒಗಟು ಬಿಡಿಸಬೇಕಾದುದು ವಿಚಿತ್ರವೇ ಸರಿ. 2022ರಲ್ಲಿ ಐಪಾಡ್ ಸರಣಿ ನಿಂತುಹೋಯಿತು. ಹಳೆಯದನ್ನು ಕೊಳ್ಳುವವರಿಗೆ ಈ ಸಂಗತಿ ಇಂದಿಗೂ ಮುಖ್ಯ.

ಮೆಮೊರಿ ಕಾರ್ಡ್ ಹಾಕಬಹುದಾದ ಪ್ಲೇಯರ್ ಆದರೆ ಕಾರ್ಡನ್ನು ಹೊರತೆಗೆದು ರೀಡರ್‌ನಲ್ಲಿಟ್ಟು ಹಾಡು ತುಂಬಬಹುದು. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಬರುತ್ತವೆ. ಹೊಸ ಲಿನಕ್ಸ್ ಕರ್ನಲ್‌ಗಳು ಇದನ್ನು ಓದಬಲ್ಲವು.

ಧ್ವನಿ ಕಡತಗಳು

ಎಂಪಿ3 ಎಲ್ಲೆಡೆ ನಡೆಯುತ್ತದೆ. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡಿತು. ಆಗ್ ವೋರ್ಬಿಸ್ ಮತ್ತು ಫ್ಲ್ಯಾಕ್ ಮೊದಲಿನಿಂದಲೂ ಮುಕ್ತ ರೂಪಗಳು. ಎರಡನೆಯದರಲ್ಲಿ ಮೂಲಧ್ವನಿಯ ಯಾವ ಅಂಶವೂ ನಷ್ಟವಾಗುವುದಿಲ್ಲ, ಆದರೆ ಹೆಚ್ಚು ಜಾಗ ಬೇಕು. ಕೊಳ್ಳುವ ಮುನ್ನ ವಿವರಪಟ್ಟಿಯಲ್ಲಿ ಇವೆರಡರ ಹೆಸರನ್ನು ಹುಡುಕಬೇಕು.

ಡಿಆರ್‌ಎಂ ಬೀಗವಿರುವ ಹಾಡುಗಳನ್ನು ಲಿನಕ್ಸ್ ಬಳಕೆದಾರರು ದೂರವಿಡುವುದೇ ಲೇಸು. ಮೈಕ್ರೋಸಾಫ್ಟ್ 2006ರಲ್ಲಿ ಹೊರತಂದ ಝೂನ್, ಅದೇ ಕಂಪನಿಯ ಹಿಂದಿನ ಪ್ಲೇಸ್‌ಫಾರ್‌ಶೂರ್ ವ್ಯವಸ್ಥೆಯಲ್ಲಿ ಮಾರಾಟವಾದ ಹಾಡುಗಳನ್ನು ನುಡಿಸುತ್ತಿರಲಿಲ್ಲ.

ರಾಕ್‌ಬಾಕ್ಸ್

ಪ್ಲೇಯರ್‌ನೊಳಗಿನ ತಂತ್ರಾಂಶವನ್ನೇ ಬದಲಿಸುವ ಮಾರ್ಗವೂ ಉಂಟು. ಆರ್ಕೋಸ್ ಪ್ಲೇಯರ್‌ಗಾಗಿ 2001ರ ಕೊನೆಯಲ್ಲಿ ಸ್ವೀಡನ್ನಿನ ಬ್ಯೋರ್ನ್ ಸ್ಟೆನ್‌ಬರ್ಗ್ ಮತ್ತು ಜೊತೆಗಾರರು ಆರಂಭಿಸಿದ ರಾಕ್‌ಬಾಕ್ಸ್ ಅಂತಹ ಮುಕ್ತ ತಂತ್ರಾಂಶ. ಮುಂದೆ ಐರಿವರ್, ಸಾನ್ಸಾ ಹಾಗೂ ಹಲವು ಐಪಾಡ್ ಮಾದರಿಗಳಿಗೂ ಅದು ವಿಸ್ತರಿಸಿತು. ಇದನ್ನು ಅಳವಡಿಸಿದ ಐಪಾಡ್‌ಗೆ ಮೇಲೆ ಹೇಳಿದ ದತ್ತಸಂಚಯದ ಹಂಗಿಲ್ಲ. ಫ್ಲ್ಯಾಕ್ ಮತ್ತು ವೋರ್ಬಿಸ್ ಸಹ ನಡೆಯುತ್ತವೆ. ಮಾದರಿಯ ಸಂಖ್ಯೆ ಸರಿಯಾಗಿ ಹೊಂದುವುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಒಂದೇ ಹೆಸರಿನ ಸಾಧನದ ಬೇರೆ ಬೇರೆ ತಲೆಮಾರುಗಳಲ್ಲಿ ಒಳಗಿನ ಚಿಪ್ ಬೇರೆಯಾಗಿರುವುದುಂಟು.

ಕನ್ನಡ ಶೀರ್ಷಿಕೆಗಳು

ಹಾಡಿನ ಹೆಸರನ್ನು ಕನ್ನಡದಲ್ಲಿ ದಾಖಲಿಸಲು ಯೂನಿಕೋಡ್ ಬೆಂಬಲವಿರುವ ಐಡಿ3 ಆವೃತ್ತಿ 2.3 ಅಥವಾ 2.4ನ್ನು ಬಳಸಬೇಕು. ದಾಖಲೆ ಸರಿಯಿದ್ದರೂ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ. ಫಾಂಟ್ ಇದ್ದು ಅಕ್ಷರ ಜೋಡಣೆಯ ವ್ಯವಸ್ಥೆ ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ತೋರುತ್ತವೆ. ಇದರಿಂದ ಹಾಡು ನುಡಿಯುವುದಕ್ಕೆ ಅಡ್ಡಿಯಿಲ್ಲ, ಹುಡುಕುವುದು ಮಾತ್ರ ಕಷ್ಟ. ಕಡತಕೋಶಗಳಿಗೆ ರೋಮನ್ ಲಿಪಿಯಲ್ಲಿ ಹೆಸರಿಟ್ಟು, ಕೋಶದ ಮೂಲಕ ಹುಡುಕುವ ಸೌಲಭ್ಯವಿರುವ ಪ್ಲೇಯರ್ ಆರಿಸಿಕೊಂಡರೆ ಈ ತೊಂದರೆ ನೀಗುತ್ತದೆ.