ಬಯಲುಸೀಮೆಯ ಮನೆಯಡುಗೆಯಲ್ಲಿ ಕಡಲ ಆಹಾರ

ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಐ.ಡಿ.ಹಳ್ಳಿ, ಅಂದರೆ ಇಟಕದಿಬ್ಬನಹಳ್ಳಿಯಿಂದ ಅರಬ್ಬೀ ಸಮುದ್ರ 250 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಒಣಭೂಮಿಯಲ್ಲಿ ನೀರಿನ ಜೀವಿಗಳನ್ನು ಬೇಯಿಸಿ ಉಣ್ಣುವ ಪದ್ಧತಿ ಕೆರೆಯಿಂದ ಹುಟ್ಟಿದ್ದು. ಕಡಲಿನ ಪದಾರ್ಥಗಳು ಮೊದಲು ಒಣಗಿದ ರೂಪದಲ್ಲಿ, ಬಹಳ ತಡವಾಗಿ ಹಸಿಯಾಗಿ ಇಲ್ಲಿಗೆ ಬಂದವು. ಹಾಗೆ ಬಂದವನ್ನೆಲ್ಲ ಇಲ್ಲಿನ ಅಡುಗೆಮನೆ ತನ್ನ ಹುಳಿಸಾರಿಗೇ ಒಗ್ಗಿಸಿಕೊಂಡಿತು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ಅದರಲ್ಲಿ ಮರಳೇ ಕಾಣುವುದರಿಂದ ಮೀನಿಗೆ ಕೆರೆಗಳೇ ಆಸರೆ. ಕೆರೆ ಕೋಡಿ ಬಿದ್ದಾಗ ನೀರಿಗೆ ಎದುರಾಗಿ ಹತ್ತುವ ಮೀನನ್ನು ಹಿಡಿಯುವುದು ಒಂದು ಸುಗ್ಗಿಯಾದರೆ, ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಊರವರೆಲ್ಲ ಕೆಸರಿಗೆ ಇಳಿಯುವುದು ಇನ್ನೊಂದು. ಕೊರಮೀನು, ಗೆಂಡೆ, ಚೇಳುಮೀನು, ಹಾವುಮೀನುಗಳು ಹಳೆಯ ಕೆರೆಗಳ ಜೀವಿಗಳು. ಕೊರಮೀನು ಮತ್ತು ಚೇಳುಮೀನು ಗಾಳಿಯನ್ನೂ ಉಸಿರಾಡಬಲ್ಲವು. ಬತ್ತುವ ಕೆರೆಯ ಕೆಸರಿನಲ್ಲಿ ಅವು ಬದುಕುಳಿಯುವುದಕ್ಕೆ ಇದೇ ಕಾರಣ.

ಕೆಸರಿನ ವಾಸನೆ ಹೋಗಲು ಮೀನನ್ನು ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ಹಲವು ನೀರಲ್ಲಿ ತೊಳೆಯುತ್ತಾರೆ. ಸಾರಿಗೆ ಹುಣಸೆಹುಳಿ ಗಟ್ಟಿಯಾಗಿಯೇ ಬೀಳಬೇಕು. ತುಮಕೂರು ಜಿಲ್ಲೆ ಹುಣಸೆಗೆ ಹೆಸರಾದದ್ದು, ಹೊಲದ ಬದುವಿನ ಮರವೇ ಮನೆಯ ಹುಳಿಗೆ ಸಾಕಾಗುತ್ತಿತ್ತು. ಮಸಾಲೆ ಕುದಿದ ಮೇಲೆ ಮೀನಿನ ತುಂಡುಗಳನ್ನು ಬಿಡುತ್ತಾರೆ. ಆಮೇಲೆ ಸೌಟು ಆಡಿಸಿದರೆ ತುಂಡು ಒಡೆಯುವುದರಿಂದ ಪಾತ್ರೆಯನ್ನೇ ಹಿಡಿದು ಅಲುಗಿಸುತ್ತಾರೆ. ಹುಳಿ ಹೀರಿಕೊಂಡ ಮಾರನೆಯ ದಿನದ ಸಾರು ಬಿಸಿ ರಾಗಿಮುದ್ದೆಗೆ ಇನ್ನೂ ರುಚಿ. ಗದ್ದೆಬದು, ಕಾಲುವೆಗಳಲ್ಲಿ ಸಿಗುವ ನಳ್ಳಿಯನ್ನು (ಏಡಿ) ಸಾರು ಮಾಡುವಾಗ ಸಣ್ಣ ಕಾಲುಗಳನ್ನು ಕುಟ್ಟಿ ಹಿಂಡಿದ ರಸವೂ ಅದರಲ್ಲಿ ಸೇರುತ್ತದೆ. ನೆಗಡಿ, ಕೆಮ್ಮಿಗೆ ಅದು ಒಳ್ಳೆಯದೆಂಬ ನಂಬಿಕೆ ಹಳೆ ಮೈಸೂರಿನ ಉದ್ದಗಲಕ್ಕೂ ಇದೆ.

ಮೀನಡುಗೆಗೆ ಬರಹದ ಆಧಾರ ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಕಡಲಿನ ಮೀನು, ಸಿಹಿನೀರಿನ ಮೀನುಗಳನ್ನು ವಿಂಗಡಿಸಿ ಹೇಳುತ್ತದೆ. ಮೀನನ್ನು ಹುಣಸೆರಸದಲ್ಲಿ ಹದಗೊಳಿಸಿ ಎಣ್ಣೆಯಲ್ಲಿ ಕರಿಯುವ ಕ್ರಮವನ್ನೂ ಕೊಡುತ್ತದೆ. ಆದರೆ ಕನ್ನಡದ ಪ್ರಸಿದ್ಧ ಪಾಕಕೃತಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಜೈನ ಕವಿಯ ಸಸ್ಯಾಹಾರ ಗ್ರಂಥ. ಹೀಗಾಗಿ ಊರಮನೆಗಳ ಮೀನಡುಗೆ ಹೆಂಗಸರ ಕೈಯಿಂದ ಕೈಗೆ ದಾಟಿಬಂದ ವಿದ್ಯೆಯಾಗಿಯೇ ಉಳಿಯಿತು. ಅದನ್ನು ಬರೆದಿಡದೆ ಹೋದದ್ದು ದೊಡ್ಡ ನಷ್ಟ. 1800ರಲ್ಲಿ ಮಧುಗಿರಿ, ಶಿರಾಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಹಲವು ಜಾತಿಗಳ ಆಹಾರವನ್ನು ದಾಖಲಿಸುವಾಗ ಮೀನನ್ನೂ ಹೆಸರಿಸುತ್ತಾನೆ.

ಕಡಲಿನ ಮೀನು ಘಟ್ಟ ಹತ್ತಿದ್ದು ಉಪ್ಪಿನ ಬಲದಿಂದ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರ ಮೀನು ಉಪ್ಪೂರಿಸುವ ಅಂಗಳಗಳನ್ನು ತೆರೆದು ಅಗ್ಗದ ಉಪ್ಪು ಕೊಡತೊಡಗಿತು. ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದ ಭಾಗ. ಒಣಮೀನು, ಒಣಸಿಗಡಿ ವಾರದ ಸಂತೆಗಳಲ್ಲಿ ದೊರೆಯುವ, ತಿಂಗಳುಗಟ್ಟಲೆ ಕೆಡದ ಸರಕು. ಬರಗಾಲದಲ್ಲಿ ಕೆರೆ ಬತ್ತಿದರೂ ಮೀನಿನ ರುಚಿಯನ್ನು ಉಳಿಸಿಕೊಟ್ಟದ್ದು ಇದೇ. ಹುರಿದು, ಬಿಸಿನೀರಲ್ಲಿ ನೆನೆಸಿ, ಬದನೆಕಾಯಿ ಅಥವಾ ಅವರೆಕಾಳಿನ ಜೊತೆ ಸಾರಿಗೆ ಹಾಕುತ್ತಾರೆ.

ಕೆರೆಗಳ ಮೀನು ಬದಲಾದದ್ದು ಸ್ವಾತಂತ್ರ್ಯಾನಂತರ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ತಿಲಾಪಿಯ ‘ಜಿಲೇಬಿ ಮೀನು’ ಎಂಬ ಹೆಸರಿನಲ್ಲಿ ಎಲ್ಲೆಡೆ ಹರಡಿತು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಚುಚ್ಚುಮದ್ದಿನಿಂದ ಗೆಂಡೆಜಾತಿಯ ಮೀನುಗಳನ್ನು ಮರಿ ಮಾಡಿಸುವಲ್ಲಿ ಗೆದ್ದರು. ಮುಂದೆ ಕಾಟ್ಲಾ, ರೋಹು ಮರಿಗಳನ್ನು ಕೆರೆಗೆ ಬಿಟ್ಟು ಗುತ್ತಿಗೆ ಕೊಡುವ ಕ್ರಮ ಬೆಳೆಯಿತು.

ಬೊಂಡಾಸದ ಕಥೆ ಬೇರೆ. ಮಂಗಳೂರು, ಮಲ್ಪೆ ಕಡೆ ಸ್ಕ್ವಿಡ್ಡನ್ನು ಬೊಂಡಾಸ, ದಪ್ಪ ಮೈಯ ಕಟಲ್‌ಫಿಶ್ಶನ್ನು ಕಪ್ಪೆ ಬೊಂಡಾಸ ಎನ್ನುತ್ತಾರೆ. ಕಾರವಾರದ ಕೊಂಕಣಿಯಲ್ಲಿ ಮಾಣಕಿ. ಕರಾವಳಿಯಲ್ಲೂ ಬಂಗುಡೆ, ಬೂತಾಯಿಗಳಿಗಿದ್ದ ಮರ್ಯಾದೆ ಇದಕ್ಕೆ ಮೊದಲು ಇರಲಿಲ್ಲ. ಯಾಂತ್ರಿಕ ಟ್ರಾಲ್ ದೋಣಿಗಳು ಹೆಚ್ಚಿ, ಯೂರೋಪ್ ಮತ್ತು ಪೂರ್ವ ಏಷ್ಯಾಗಳಿಗೆ ಶೀತಲೀಕರಿಸಿದ ಸರಕು ಹೊರಟ ಮೇಲೆ ಬಲೆಯ ಅಡ್ಡಹಿಡಿತ ಬೆಲೆಯ ಮಾಲಾಯಿತು. ಬೊಂಡಾಸ ಸುಕ್ಕ, ಪುಳಿಮುಂಚಿ, ತುಪ್ಪದ ರೋಸ್ಟ್ ಇಂದು ಕರಾವಳಿಯ ಹೋಟೆಲುಗಳಲ್ಲಿ ಸಾಮಾನ್ಯ. ಬಯಲುಸೀಮೆಗಾದರೋ ಈ ಪ್ರಾಣಿಯ ಒಂದು ಭಾಗ ಅಡುಗೆಗಿಂತ ಬಹಳ ಮುಂಚೆಯೇ ಬಂದಿತ್ತು: ಕಟಲ್‌ಫಿಶ್ಶಿನ ಬೆನ್ನಿನ ಬಿಳಿ ಚಿಪ್ಪು ಸಮುದ್ರಫೇನವೆಂಬ ಹೆಸರಿನ ಆಯುರ್ವೇದ ಮದ್ದು.

ಅಷ್ಟಪದಿ, ಅಂದರೆ ಆಕ್ಟೋಪಸ್, ಕರ್ನಾಟಕದ ಬಲೆಗಳಿಗೆ ಬಿದ್ದರೂ ಮನೆಗಳಲ್ಲಿ ಬಳಕೆ ವಿರಳ. ಅದನ್ನು ಪರಂಪರೆಯಿಂದ ತಿನ್ನುವವರು ಲಕ್ಷದ್ವೀಪದವರು. ನೀರು ಇಳಿದಾಗ ಹವಳದಿಬ್ಬದ ಬಿಲಗಳಿಂದ ಚುಚ್ಚಿ ತೆಗೆಯುತ್ತಾರೆ. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೂ ಆ ಅಡುಗೆ ದಡಕ್ಕೆ ದಾಟಲಿಲ್ಲ.

ಮಂಜುಗಡ್ಡೆಯ ಲಾರಿ, ಶಿರಾ ಮೂಲಕ ಹಾಯುವ ಬೆಂಗಳೂರು–ಪುಣೆ ಹೆದ್ದಾರಿ, 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮದ ಮಳಿಗೆಗಳು ಮತ್ತು ಮತ್ಸ್ಯದರ್ಶಿನಿ ಹೋಟೆಲುಗಳು ಹಸಿ ಕಡಲ ಮೀನನ್ನು ಒಳನಾಡಿಗೆ ಪರಿಚಯಿಸಿದವು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಲಿಶಿಯಸ್, ಫ್ರೆಶ್‌ಟುಹೋಮ್ ಎಂಬ ಆನ್‌ಲೈನ್ ಮಾಂಸ–ಮೀನು ಮಾರಾಟ ಕಂಪನಿಗಳು ಶುಚಿ ಮಾಡಿದ ಬೊಂಡಾಸದ ಬಳೆಗಳನ್ನು ಮನೆಬಾಗಿಲಿಗೆ ತಲುಪಿಸತೊಡಗಿದವು. ದುಡಿಮೆಗಾಗಿ ಬೆಂಗಳೂರು ಸೇರಿದ ಮಧುಗಿರಿ, ಪಾವಗಡದ ಕುಟುಂಬಗಳಿಗೂ ಅದು ಕೈಗೆಟುಕುವಂತಾಯಿತು.

ಇಡೀ ಬೊಂಡಾಸ ತಂದರೆ ತಲೆಯನ್ನು ಮೆಲ್ಲಗೆ ಎಳೆಯಬೇಕು, ಕರುಳು ಮತ್ತು ಮಸಿಚೀಲ ಜೊತೆಗೇ ಬರುತ್ತವೆ. ಒಳಗಿನ ಗಾಜಿನಂಥ ಕಡ್ಡಿ, ಬಾಯಿಯ ಗಟ್ಟಿ ಕೊಕ್ಕು, ಮೇಲಿನ ನೇರಳೆ ಸಿಪ್ಪೆಗಳನ್ನು ತೆಗೆದು ತೊಳೆಯಬೇಕು. ಬೇಯಿಸುವುದರಲ್ಲಿ ಮೀನಿನ ಲೆಕ್ಕ ನಡೆಯದು. ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಹುರಿದರೆ ಮೆತ್ತಗಿರುತ್ತದೆ. ಅದನ್ನು ಮೀರಿದರೆ ರಬ್ಬರಿನಂತೆ ಬಿಗಿಯುತ್ತದೆ. ಮತ್ತೆ ಮೆತ್ತಗಾಗಲು ಅರ್ಧ ಗಂಟೆಗೂ ಹೆಚ್ಚು ಕುದಿಯಬೇಕು, ಸ್ನಾಯುವಿನ ಕೊಲಾಜೆನ್ ಕರಗುವುದು ಆಗಲೇ. ಹುಳಿಸಾರಿಗೆ ಹೊಂದುವುದು ಈ ಎರಡನೆಯ ಕ್ರಮ. ಅಷ್ಟಪದಿಗೂ ಇದೇ ನಿಯಮ, ಸಮಯ ಮಾತ್ರ ಇನ್ನೂ ಹೆಚ್ಚು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ಅವಧಿಯಲ್ಲಿ ಒಳನಾಡಿಗೆ ಬರುವ ಬೊಂಡಾಸ ಹೆಚ್ಚಾಗಿ ಶೀತಲೀಕರಿಸಿದ ದಾಸ್ತಾನು ಅಥವಾ ಪೂರ್ವ ಕರಾವಳಿಯ ಮಾಲು. ಮುಂಗಾರು ಕೈಕೊಡದಿದ್ದರೆ ಕೆರೆಮೀನೂ ನಳ್ಳಿಯೂ ಊರಿನಲ್ಲೇ ಸಿಗುತ್ತವೆ.