ಮುಟ್ಟಿಗೆ ಮುಂಚಿನ ವಾರ: ಪಿಎಂಡಿಡಿ ಗುರುತಿಸುವಲ್ಲಿ ದಿನದ ದಾಖಲೆ

ಮುಟ್ಟಿನ ದಿನಗಳಿಗೆ ಕನ್ನಡದ ಆಡುಮಾತು ‘ಹೊರಗಾಗುವುದು’, ‘ರಜೆ’, ‘ದೂರ ಕೂರುವುದು’ ಎಂದು ಹಲವು ಹೆಸರಿಟ್ಟಿದೆ. ಅದರ ಮುಂಚಿನ ವಾರಕ್ಕೆ ಬಳಕೆಯ ಹೆಸರಿಲ್ಲ. ಎಣಿಕೆ ಶುರುವಾಗುವುದೇ ರಕ್ತ ಕಂಡ ಮೇಲೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿದ ತಿಂಗಳಿಗೊಂದು ದಿನದ ವೇತನಸಹಿತ ರಜೆಯೂ ಮುಟ್ಟಿನ ಹೆಸರಿನದೇ. ಮುಟ್ಟುಪೂರ್ವ ವಿಷಣ್ಣತೆಯ ಕಾಯಿಲೆ, ಅಂದರೆ ಪಿಎಂಡಿಡಿ, ಕಾಡುವುದು ಆ ಹೆಸರಿಲ್ಲದ ವಾರದಲ್ಲಿ. ಮುಟ್ಟಾದೊಡನೆ ಅದು ಇಳಿಯತೊಡಗುತ್ತದೆ. ವೈದ್ಯರೆದುರು ಕುಳಿತ ದಿನ ಮುಟ್ಟು ಕಳೆದಿದ್ದರೆ ಕಣ್ಣಿಗೆ ಬೀಳುವಂಥದ್ದೇನೂ ಇರುವುದಿಲ್ಲ.

ನ್ಯೂಯಾರ್ಕಿನ ವೈದ್ಯ ರಾಬರ್ಟ್ ಫ್ರಾಂಕ್ ಈ ತಳಮಳವನ್ನು 1931ರಲ್ಲೇ ದಾಖಲಿಸಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 1987ರಲ್ಲಿ ಬೇರೆ ಹೆಸರಿನಿಂದ ಇದನ್ನು ಅನುಬಂಧಕ್ಕೆ ಹಾಕಿತು. ಪೂರ್ಣ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ಹೆಣ್ಣಿನ ಸಿಟ್ಟಿಗೆಲ್ಲ ರೋಗದ ಚೀಟಿ ಅಂಟಿಸಿಬಿಟ್ಟಾರು ಎಂದು ಸ್ತ್ರೀವಾದಿಗಳು ನಡುವೆ ಎತ್ತಿದ ತಕರಾರು ಹುರುಳಿಲ್ಲದ್ದಲ್ಲ. ಅದಕ್ಕೆ ಉತ್ತರವಿರುವುದು ಮಾನದಂಡದ ಬಿಗಿಯಲ್ಲಿ: ಹನ್ನೊಂದರಲ್ಲಿ ಕನಿಷ್ಠ ಐದು ಲಕ್ಷಣ, ಅದರಲ್ಲಿ ಒಂದಾದರೂ ಸಿಡುಕು, ಖಿನ್ನತೆ, ಆತಂಕ ಅಥವಾ ಗಳಿಗೆಗೊಂದು ಬಗೆಯ ಮನಸ್ಸು, ಬದುಕಿಗೆ ಬಿದ್ದ ಪೆಟ್ಟು, ಎರಡು ಋತುಚಕ್ರಗಳ ದಿನದಿನದ ದಾಖಲೆ.

ದಾಖಲೆಯೆಂದರೆ ಒಂದು ಹಾಳೆ. ಪ್ರತಿ ರಾತ್ರಿ ಸಿಡುಕಿಗೆ, ಅಳುವಿಗೆ, ನಿದ್ದೆಗೆ 1ರಿಂದ 6ರವರೆಗೆ ಅಂಕ. ಚಕ್ರದ 8ನೇ ದಿನ ಸಿಡುಕು 1, 22ಕ್ಕೆ 4, 26ಕ್ಕೆ 6, ಮುಟ್ಟಾದ ಮೂರನೇ ದಿನ ಮತ್ತೆ 1 ಎಂದಿದ್ದರೆ ಅದು ಪಿಎಂಡಿಡಿಯ ಗೆರೆ. 8ನೇ ದಿನವೂ 4 ಇದ್ದರೆ ಮೊದಲೇ ಇದ್ದ ಖಿನ್ನತೆ ಉಲ್ಬಣಿಸಿರಬಹುದು, ಚಿಕಿತ್ಸೆಯ ದಾರಿ ಬೇರೆ. ‘ಪ್ರತಿ ತಿಂಗಳೂ ಹೀಗೇ’ ಎಂಬ ನೆನಪಿಗೆ ಈ ಎರಡರ ವ್ಯತ್ಯಾಸ ತಿಳಿಯದು. ಸಾಯಬೇಕೆನಿಸುತ್ತದೆಯೇ ಎಂಬುದನ್ನು ಮಾತ್ರ ಹಾಳೆ ತುಂಬುವವರೆಗೆ ಕಾಯದೆ ಮೊದಲ ಭೇಟಿಯಲ್ಲೇ ಕೇಳಬೇಕು.

‘ಹಾರ್ಮೋನ್ ಏರುಪೇರು’ ಎಂದು ರಕ್ತಪರೀಕ್ಷೆ ಮಾಡಿಸಿದರೆ ಫಲಿತಾಂಶ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. 1998ರಲ್ಲಿ ಸಂಶೋಧಕ ಪೀಟರ್ ಷ್ಮಿಟ್ ತಂಡ ಪ್ರಕಟಿಸಿದ ಪ್ರಯೋಗ ಇದರ ಗುಟ್ಟು ಬಿಡಿಸಿತು. ಔಷಧದಿಂದ ಅಂಡಾಶಯವನ್ನು ಸುಮ್ಮನಾಗಿಸಿದಾಗ ಹಲವರ ಲಕ್ಷಣ ತಗ್ಗಿದವು. ಈಸ್ಟ್ರೊಜನ್ ಅಥವಾ ಪ್ರೊಜೆಸ್ಟಿರಾನ್ ಮರಳಿ ಕೊಟ್ಟಾಗ ಮರುಕಳಿಸಿದವು. ತೊಂದರೆಯಿಲ್ಲದ ಹೆಂಗಸರನ್ನು ಅದೇ ಹಾರ್ಮೋನ್ ಅಲುಗಿಸಲಿಲ್ಲ. ಮಾಮೂಲಿ ಏರಿಳಿತವನ್ನೇ ಕೆಲವರ ಮಿದುಳು ತಾಳಿಕೊಳ್ಳದು.

ಮೊದಲ ಮದ್ದು ಖಿನ್ನತೆನಿವಾರಕಗಳ ಎಸ್‌ಎಸ್‌ಆರ್‌ಐ ಗುಂಪಿನದು. ಖಿನ್ನತೆಯಲ್ಲಿ ವಾರಗಟ್ಟಲೆ ಕಾಯಿಸುವ, ಆ ಗುಂಪಿನ ಫ್ಲುಯೊಕ್ಸೆಟಿನ್ ಇಲ್ಲಿ ಕೆಲವೇ ದಿನಗಳಲ್ಲಿ ಹಿಡಿಯುತ್ತದೆ. ಹಾಗಾಗಿ ದಿನಕ್ಕೆ 20 ಮಿ.ಗ್ರಾಂ.ನಂತೆ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವ ಕ್ರಮವೂ ಇದೆ. ಡ್ರೊಸ್ಪಿರೆನೋನ್ ಇರುವ ಗರ್ಭನಿರೋಧಕ ಮಾತ್ರೆ ಇನ್ನೊಂದು ದಾರಿ. ರಕ್ತ ಹೆಪ್ಪುಗಟ್ಟುವ ಅಪಾಯವಿದ್ದವರಿಗೆ ಅದು ಸಲ್ಲದು. ಅಂಡಾಶಯ ತಡೆಯುವ ಚುಚ್ಚುಮದ್ದು ಇವೆಲ್ಲ ಸೋತ ಮೇಲಿನದು.

‘ಗರ್ಭಕೋಶ ತೆಗೆಸಿಬಿಟ್ಟರೆ ಮುಗೀತು’ ಎಂಬ ಸಲಹೆ ನಮ್ಮಲ್ಲಿ ಬಲು ಸಲೀಸು. ಅಂಡಾಶಯ ಉಳಿದಿದ್ದರೆ ರಕ್ತ ನಿಲ್ಲುತ್ತದೆ, ಆ ವಾರ ಬರುತ್ತಲೇ ಇರುತ್ತದೆ. ಲೆಕ್ಕ ಹಿಡಿಯಲು ಮುಟ್ಟಿನ ತಾರೀಕೂ ಇಲ್ಲದೆ.