ಕಾಲುವೆಗೂ ಒಂದು ಕೋಡ್

ಶಹಾಪುರ, ಸುರಪುರ ಕಡೆಯವರಿಗೆ ‘ಟೇಲ್ ಎಂಡ್’ ಅಂದ್ರೇನು ಅಂತ ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದದ್ದು 1982ರಲ್ಲಿ. ಎಡದಂಡೆ ಕಾಲುವೆಯ ಲೆಕ್ಕ ಹಾಕಿದ್ದು ಕಡಿಮೆ ನೀರು ಕುಡಿಯುವ ಬೆಳೆಗಳಿಗೆ. ಆದ್ರೆ ಮೇಲ್ಭಾಗದಲ್ಲಿ ಹೊಲ ಇದ್ದವರು ಭತ್ತ ಹಚ್ಚಿದರು. ಕಾಗದದ ಮೇಲಿನ ಕಾಲುವೆ ಒಂದು, ನೆಲದ ಮೇಲಿನದು ಇನ್ನೊಂದು ಆಯ್ತು.

ನಮ್ಮ ಕೆಲಸದಲ್ಲಿ ಇದಕ್ಕೆ ‘ಡ್ರಿಫ್ಟ್’ ಅಂತೀವಿ. ಹತ್ತು ಸರ್ವರ್ ಒಂದೇ ಥರ ಹೊಂದಿಸಿಟ್ಟಿರ್ತೀರಿ. ರಾತ್ರಿ ಯಾರೋ ಲಾಗಿನ್ ಆಗಿ ಒಂದರಲ್ಲಿ ಏನೋ ಬದಲಿಸ್ತಾರೆ. ಆರು ತಿಂಗಳಿಗೆ ಹತ್ತೂ ಹತ್ತು ಥರ. ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಗೆಸ್ 1993ರಲ್ಲಿ ಸಿಎಫ್‌ಎಂಜಿನ್ ಬರೆದದ್ದು ಇಂಥ ತಲೆನೋವಿಗೇ. ಹೆಜ್ಜೆ ಹೆಜ್ಜೆಗೂ ಏನು ಮಾಡಬೇಕು ಅಂತ ಹೇಳುವ ಬದಲು, ಕೊನೆಗೆ ಹೇಗಿರಬೇಕು ಅಂತ ಬರೆದಿಡಿ; ಇರುವುದನ್ನು ಅದಕ್ಕೆ ಹೋಲಿಸಿ ವ್ಯತ್ಯಾಸವನ್ನು ಮಷೀನೇ ಸರಿಮಾಡ್ಲಿ. 2005ರ ಪಪೆಟ್, 2014ರ ಟೆರಾಫಾರ್ಮ್, ಕುಬರ್ನೆಟಿಸ್ ಎಲ್ಲಾ ಇದೇ ಬಳ್ಳಿಯ ಕಾಯಿ.

ಕಂಟೇನರ್ ಕಥೆಯಂತೂ ಪೂರಾ ಟೇಲ್ ಎಂಡ್ ಕಥೆ. ಒಂದೇ ಸರ್ವರಿನಲ್ಲಿ ಹತ್ತು ಪ್ರೋಗ್ರಾಂ ಓಡುವಾಗ ಒಂದೇ ಎಲ್ಲ ಮೆಮೊರಿ ಕುಡಿದ್ರೆ ಉಳಿದವು ಒಣಗ್ತವೆ. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರುಮಾಡಿದ ಸಿಗ್ರೂಪ್, ಪ್ರತಿಯೊಂದಕ್ಕೂ ‘ಇಷ್ಟೇ ನಿನ್ನ ಪಾಲು’ ಅಂತ ಗೆರೆ ಎಳೆಯಿತು. 2008ರಲ್ಲಿ ಅದು ಲಿನಕ್ಸ್ ಒಳಗೆ ಬಂತು. 2013ರಲ್ಲಿ ಡಾಕರ್ ಬಂದಾಗ ಜಗತ್ತು ಬೆರಗಾಯ್ತು. ಆ ಬೆರಗಿನ ಅರ್ಧ ಪಾಲು ಈ ಹಳೆಯ ಗೆರೆಯದು.

ಈ ವಿಚಾರ ಕಾಲುವೆಗೂ ಬಂತು. ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಪ್ರಧಾನಿ ಮೋದಿ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಹರಿವು 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಗೇಟುಗಳನ್ನು ದೂರದಿಂದಲೇ ನಡೆಸಲು ಸ್ಕಾಡಾ. ಟೆರಾಫಾರ್ಮ್‌ಗೂ ಇದಕ್ಕೂ ನೇರ ನೆಂಟಸ್ತಿಕೆ ಇಲ್ಲ, ಆದ್ರೆ ಲೆಕ್ಕ ಅದೇ: ಇರಬೇಕಾದ ಮಟ್ಟ, ಇರುವ ಮಟ್ಟ, ನಡುವೆ ಗೇಟು.

ಆದ್ರೆ ಸರ್ವರಿನ ಡ್ರಿಫ್ಟನ್ನು ಒಂದು ಕಮಾಂಡಿನಲ್ಲಿ ಅಳಿಸಬಹುದು. ಇಲ್ಲಿ ಡ್ರಿಫ್ಟ್ ಅಂದ್ರೆ ಒಬ್ಬರು ಸಾಲ ಮಾಡಿ ಹಚ್ಚಿದ ಭತ್ತ. ಅದನ್ನು ಬಿಟ್ಟರೆ ಕೆಳಗಿನವರ ಹತ್ತಿ ಒಣಗುತ್ತೆ. ‘ಇರಬೇಕಾದ ಮಟ್ಟ’ದ ಹಿಂದೆ ಇರೋದು ನೀರಾವರಿ ಸಲಹಾ ಸಮಿತಿಯ ಚಾಲು-ಬಂದ್ ತೀರ್ಮಾನ, ಅದರ ಹಿಂದೆ ಜಗ್ಗಾಟ. ನಮ್ಮಲ್ಲಿ ಯಾವ ಸಾಲನ್ನು ಯಾರು ಯಾವತ್ತು ತಿದ್ದಿದರು ಅಂತ ಗಿಟ್ ಹೆಸರು ಸಮೇತ ತೋರಿಸುತ್ತೆ. ಗೇಟಿನ ಅಂಕಿ ತಿದ್ದಿದಾಗಲೂ ಕಾಲುವೆಯ ಕೊನೇ ಊರಿನವರ ಮೊಬೈಲಿಗೆ ಹಾಗೇ ಕಾಣಬೇಕು ಅನ್ನೋದು ನನ್ನ ಹಟ.